ಚಾಪೆ ಬಟ್ಟಲಾದ ಕಥೆ: ಚೂರುಬಟ್ಟೆ ಜಡೆಯ ಒಂದು ಪ್ರಕರಣ

ಇದು ಇಬ್ಬರು ಅಕ್ಕತಂಗಿಯರ ಪ್ರಕರಣ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ ಅಂದರು. ಹಾಗಾಗಿ ಇಲ್ಲಿ ಒಬ್ಬರು ಅಕ್ಕ, ಇನ್ನೊಬ್ಬಳು ತಂಗಿ, ಅಷ್ಟೇ. ನಾನು ಹೊಲಿಗೆ ಹೇಳಿಕೊಡುವವಳು. ಕೆಲಸ ಕೆಟ್ಟ ಮೇಲೆ ನನ್ನನ್ನು ಕರೆದರು. ಮೊದಲೇ ಕರೆದಿದ್ದರೂ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಯಾಕೆಂದರೆ ನಡುವೆ ನನ್ನದೂ ಒಂದು ತಪ್ಪಿದೆ.

ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಕತ್ತರಿಸಿ ಉಳಿದ ಚೂರು ಮೂಟೆಗಟ್ಟಲೆ ಬೀಳುತ್ತಿತ್ತು. ಎಸೆಯಲು ಮನಸ್ಸಿಲ್ಲ, ಇಡಲು ಜಾಗವಿಲ್ಲ. ತಂಗಿ ಅದನ್ನು ಉದ್ದುದ್ದ ಪಟ್ಟಿ ಮಾಡಿ, ಮೂರೆಳೆ ಜಡೆ ಹೆಣೆದು, ಆ ಜಡೆಯನ್ನು ಸುರುಳಿ ಸುತ್ತಿ ಹೊಲಿಯಲು ಶುರು ಮಾಡಿದಳು. ಮೊದಲು ಲೋಟದ ಕೆಳಗಿಡುವ ಬಿಲ್ಲೆ. ಆಮೇಲೆ ಬಿಸಿ ಪಾತ್ರೆ ಇಡುವ ಸಿಂಬಿ. ಎಲ್ಲವೂ ಅಂಗೈ ಅಗಲದವು. ಚೆನ್ನಾಗಿ ಬಂದವು. ನೋಡಿದವರು ಕೇಳಿ ತೆಗೆದುಕೊಂಡರು.

ಇಲ್ಲೇ ಒಂದು ಮಾತು ಹೇಳಬೇಕು. ಅಂಗೈ ಅಗಲದ ಬಿಲ್ಲೆಯಲ್ಲಿ ತಪ್ಪು ಕಾಣುವುದಿಲ್ಲ. ಅಂಚು ಕೂದಲೆಳೆಯಷ್ಟು ಮೇಲೆದ್ದಿದ್ದರೂ ಲೋಟ ಇಟ್ಟರೆ ಕೂರುತ್ತದೆ. ಐವತ್ತು ಬಿಲ್ಲೆ ಮಾಡಿದವಳಿಗೆ ಕೈ ಪಳಗಿದೆ ಅನ್ನಿಸುತ್ತದೆ. ಪಳಗಿರುತ್ತದೆ ಕೂಡ, ಹೆಣೆಯುವುದರಲ್ಲಿ. ಸುತ್ತಿ ಹೊಲಿಯುವುದು ಬೇರೆಯೇ ಕೆಲಸ ಅಂತ ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಹೀಗಿರುವಾಗ ಪರಿಚಯದವರೊಬ್ಬರು ನಡುಮನೆಗೆ ಹಾಸಲು ಮೊಟ್ಟೆಯಾಕಾರದ ಚಾಪೆ ಬೇಕು ಅಂದರು. 120 ಸೆಂ.ಮೀ. ಉದ್ದ, 90 ಸೆಂ.ಮೀ. ಅಗಲ. ಒಂದು ತಿಂಗಳ ಗಡುವು. ತಂಗಿ ಹೂಂ ಅಂದಳು.

ಶುರುವಿನಲ್ಲಿ ಒಂದು ಕೆಲಸ ಸರಿಯಾಗಿಯೇ ಮಾಡಿದ್ದಳು. ಮೊಟ್ಟೆಯಾಕಾರಕ್ಕೆ ನಡುವಿನ ನೇರ ಜಡೆ ಎಷ್ಟುದ್ದ ಇರಬೇಕು? ಉದ್ದದಲ್ಲಿ ಅಗಲ ಕಳೆದರೆ ಸಿಗುತ್ತದೆ. 120ರಲ್ಲಿ 90 ಹೋದರೆ 30. ಆ 30 ಸೆಂ.ಮೀ. ಜಡೆಯನ್ನು ನೇರ ಇಟ್ಟು, ಅದರ ಸುತ್ತ ಉಳಿದ ಜಡೆಯನ್ನು ಸುತ್ತುತ್ತಾ ಹೋಗಬೇಕು. ಅವಳ ಜಡೆಯ ಅಗಲ 2.5 ಸೆಂ.ಮೀ. ಅಂದರೆ ಸುಮಾರು 18 ಸುತ್ತು.

ಆದರೆ ಬಟ್ಟೆಯ ಲೆಕ್ಕ ಹಾಕಿರಲಿಲ್ಲ. "ಎರಡು ಮೂಟೆ ಇದೆಯಲ್ಲ, ಸಾಕು" ಅಂದುಕೊಂಡಿದ್ದರು. ಈ ಅಳತೆಯ ಚಾಪೆಗೆ ಜಡೆಯೇ 36 ಮೀಟರ್ ಬೇಕು. ಚಾಪೆಯ ಹರವನ್ನು ಜಡೆಯ ಅಗಲದಿಂದ ಭಾಗಿಸಿದರೆ ಈ ಲೆಕ್ಕ ಬರುತ್ತದೆ. ಹೆಣೆಯುವಾಗ ಪಟ್ಟಿಯ ಉದ್ದದಲ್ಲಿ ಮೂರನೇ ಒಂದು ಪಾಲು ತಿರುವಿಗೇ ಹೋಗುತ್ತದೆ. ಹಾಗಾಗಿ ಒಂದೊಂದು ಎಳೆಗೆ 54 ಮೀಟರ್. ಮೂರೆಳೆ ಸೇರಿ 160 ಮೀಟರ್ ದಾಟುತ್ತದೆ. ಅಂಗೈಯಷ್ಟು ಚೂರುಗಳಿಂದ 160 ಮೀಟರ್! ಇದನ್ನು ಮೊದಲೇ ಹೇಳಿದ್ದರೆ ತಂಗಿ ಹೂಂ ಅನ್ನುತ್ತಿರಲಿಲ್ಲವೇನೋ.

7ನೇ ಸುತ್ತಿನ ಹೊತ್ತಿಗೆ ಅಂಚು ಸ್ವಲ್ಪ ಎದ್ದಿತು. ತಟ್ಟೆಯ ಅಂಚಿನಂತೆ, ಅಷ್ಟೇ. ತಂಗಿ ಅಕ್ಕನನ್ನು ಕರೆದು ತೋರಿಸಿದಳು. "ದೊಡ್ಡದಾದ ಮೇಲೆ ಭಾರಕ್ಕೆ ತಾನೇ ಕೂರುತ್ತೆ, ಮುಂದುವರಿಸು" ಅಂದರು ಅಕ್ಕ. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ದುಬಾರಿಯಾದದ್ದು ಈ ಒಂದು ಮಾತು. ಆದರೆ ಅಕ್ಕನನ್ನು ದೂರಲಾರೆ. ಹೊಲಿಗೆಯವರಿಗೆ ಬಟ್ಟೆ ಭಾರಕ್ಕೆ ಇಳಿಯುವುದು ದಿನಾ ಕಾಣುವ ವಿಷಯ. ಲಂಗದ ಘೇರು ಹಾಗೇ ತಾನೇ ಇಳಿಯುವುದು? ಅವರು ತಮಗೆ ಗೊತ್ತಿದ್ದರಿಂದಲೇ ಊಹಿಸಿದರು. ಜಡೆಯ ಸುರುಳಿ ಬಟ್ಟೆಯಂತೆ ಇಳಿಯುವುದಿಲ್ಲ. ಒಂದು ಸುತ್ತು ಇನ್ನೊಂದನ್ನು ಬಿಗಿದು ಹಿಡಿದಿರುತ್ತದೆ.

12ನೇ ಸುತ್ತಿಗೆ ಅದು ಬಟ್ಟಲೇ ಆಯಿತು. ನೀರು ತುಂಬಬಹುದಿತ್ತು.

ಅಲ್ಲಿಂದ ಚಿಕಿತ್ಸೆ ಶುರು. ಮೊದಲು ನೀರು ಚಿಮುಕಿಸಿ ಇಸ್ತ್ರಿ ಹಾಕಿದರು. ಬಿಸಿ ಇರುವವರೆಗೆ ಮಟ್ಟಸ, ಆರಿದ ಮೇಲೆ ಮತ್ತೆ ಬಟ್ಟಲು. ಆಮೇಲೆ ಹಾಸಿಗೆಯ ಕೆಳಗೆ ಹಾಕಿ, ಮೇಲೆ ಟ್ರಂಕ್ ಇಟ್ಟು ಮೂರು ದಿನ ಬಿಟ್ಟರು. ತೆಗೆದಾಗ ಚಪ್ಪಟೆಯಾಗಿತ್ತು. ಇಬ್ಬರೂ ಕುಣಿದಾಡಿದರಂತೆ. ಮಾರನೇ ದಿನ ಬೆಳಿಗ್ಗೆ ಅಂಚು ಮತ್ತೆ ಮೇಲೆ.

ಮೂರನೇ ಪ್ರಯತ್ನ ತಂಗಿಯದೇ. "ನಾನು ತುಂಬಾ ಬಿಗಿಯಾಗಿ ಹೊಲಿದಿದ್ದೀನಿ, ಅದಕ್ಕೇ ಹೀಗೆ" ಅಂದುಕೊಂಡು ಮುಂದಿನ ಮೂರು ಸುತ್ತನ್ನು ಬೇಕಂತಲೇ ಸಡಿಲ ಬಿಟ್ಟು, ಜಡೆಯನ್ನು ತಳ್ಳಿ ತಳ್ಳಿ ತುಂಬಿಸಿ ಹೊಲಿದಳು. ಈಗ ಒಳಗೆ ಬಟ್ಟಲು, ಹೊರಗೆ ಕೆಸುವಿನ ಎಲೆಯ ಅಂಚಿನಂತೆ ಅಲೆ ಅಲೆ. ಒಂದೇ ಚಾಪೆಯಲ್ಲಿ ಎರಡು ಕಾಯಿಲೆ. ಆಗ ನನಗೆ ಫೋನ್ ಬಂತು.

ನಾನು ಹೋದಾಗ ಅದು ತಂಗಿಯ ತೊಡೆಯ ಮೇಲಿತ್ತು. ಯಾವಾಗಲೂ ಹೀಗೇ ಕೂತು ಹೊಲಿಯುತ್ತೀಯಾ ಅಂತ ಕೇಳಿದೆ. ಹೌದು ಅಂದಳು. ತೊಡೆಗೆ ತಗ್ಗಿದೆ. ಅದರ ಮೇಲೆ ಇಟ್ಟು ಹೊಲಿದದ್ದು ತಗ್ಗಿನ ಆಕಾರವನ್ನೇ ಕಲಿಯುತ್ತದೆ. ಜೊತೆಗೆ ಅಂಚು ಏಳುತ್ತಿರುವುದು ತೊಡೆಯ ಮೇಲೆ ಕಣ್ಣಿಗೆ ಬೀಳುವುದೇ ಇಲ್ಲ. ಇದು ಒಂದು ಕಾರಣ ಅಂತ ಬರೆದುಕೊಂಡೆ. ಆದರೆ ಇಷ್ಟು ಆಳದ ಬಟ್ಟಲಿಗೆ ಇದೊಂದೇ ಸಾಲದು.

ಚಾಪೆಯನ್ನು ನೆಲಕ್ಕೆ ಹಾಕಿ, ನಡುವಿನಿಂದ ಅಂಗೈ ಒತ್ತುತ್ತಾ ಹೊರಗೆ ಬಂದೆ. ಮೂರು ಸುತ್ತು ನೆಲಕ್ಕೆ ಅಂಟಿಕೊಂಡೇ ಇದ್ದವು. 4ನೇ ಸುತ್ತಿನಿಂದ ಅಂಗೈ ಕೆಳಗೆ ಪೊಳ್ಳು. ಕಣ್ಣಿಗೆ ಕಂಡದ್ದು 7ರಲ್ಲಿ, ಶುರುವಾದದ್ದು 4ರಲ್ಲಿ.

4ರಲ್ಲಿ ಏನಾಯಿತು? ಇದಕ್ಕೆ ಜಡೆ ಸೇರಿಸುವ ಕ್ರಮ ಹೇಳಬೇಕು. ಜಡೆಯ ಅಂಚಿನಲ್ಲಿ ಎಳೆ ತಿರುಗುವ ಕಡೆಯಲ್ಲೆಲ್ಲ ಒಂದೊಂದು ಕುಣಿಕೆ ಕಾಣುತ್ತದೆ. ಸೂಜಿಯನ್ನು ಒಳಸುತ್ತಿನ ಒಂದು ಕುಣಿಕೆಗೆ, ಹೊರಸುತ್ತಿನ ಒಂದು ಕುಣಿಕೆಗೆ, ಹೀಗೆ ಆಚೆ ಈಚೆ ಹಾಯಿಸುತ್ತಾ ಹೋಗಬೇಕು. ನೇರ ಜಾಗದಲ್ಲಿ ಒಂದಕ್ಕೆ ಒಂದು. ತಿರುವಿನಲ್ಲಿ ಹಾಗೆ ಮಾಡಿದರೆ ಆಗದು. ಹೊರಗಿನ ಸುತ್ತಿಗೆ ದಾರಿ ಜಾಸ್ತಿ, ಅಲ್ವಾ? ಅಲ್ಲಲ್ಲಿ ಹೊರಜಡೆಯ ಒಂದು ಕುಣಿಕೆಯನ್ನು ಬಿಟ್ಟು ಮುಂದಿನದಕ್ಕೆ ಸೂಜಿ ಹಾಕಬೇಕು. ಆಗ ಹೊರಗೆ ಅಷ್ಟು ಜಡೆ ಹೆಚ್ಚು ಸೇರುತ್ತದೆ. ನಾವು ಇದಕ್ಕೆ ಸುಮ್ನೆ "ಬಿಡುವುದು" ಅನ್ನುತ್ತೇವೆ.

ತಂಗಿ ಮೊದಲ ಮೂರು ಸುತ್ತಿನಲ್ಲಿ ಧಾರಾಳವಾಗಿ ಬಿಟ್ಟಿದ್ದಳು. ತಿರುವು ಕಡಿದಾಗಿತ್ತು, ಬಿಡದಿದ್ದರೆ ಜಡೆ ಬಾಗುತ್ತಲೇ ಇರಲಿಲ್ಲ. 4ನೇ ಸುತ್ತಿನಲ್ಲಿ ನಾಲ್ಕು ಬಿಟ್ಟಿದ್ದಳು. 5ರಲ್ಲಿ ಮೂರು, 6ರಲ್ಲಿ ಎರಡು. 9ರಲ್ಲಿ ಒಂದೇ ಒಂದು. ಯಾಕೆ ಕಡಿಮೆ ಮಾಡುತ್ತಾ ಬಂದೆ ಅಂತ ಕೇಳಿದೆ. "ಚಾಪೆ ದೊಡ್ಡದಾದಂತೆ ತಿರುವು ಸಲೀಸಾಗ್ತಾ ಬಂತಲ್ಲ ಟೀಚರ್, ಜಡೆ ತಾನೇ ಬಾಗ್ತಿತ್ತು. ಬಿಡೋದು ಬೇಡ ಅನ್ನಿಸ್ತು."

ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಕೈಗೂ ಹಾಗೇ ಅನ್ನಿಸುತ್ತದೆ. ಲೆಕ್ಕ ಮಾತ್ರ ಬೇರೆ ಹೇಳುತ್ತದೆ. ಒಂದು ಸುತ್ತಿನಿಂದ ಅದರ ಹೊರಗಿನ ಸುತ್ತಿಗೆ ಎಷ್ಟು ಜಡೆ ಹೆಚ್ಚು ಬೇಕು? ಜಡೆಯ ಅಗಲದ ಆರು ಪಟ್ಟಿಗಿಂತ ಸ್ವಲ್ಪ ಜಾಸ್ತಿ. 2.5 ಸೆಂ.ಮೀ. ಜಡೆಗೆ 15.7 ಸೆಂ.ಮೀ. 2ನೇ ಸುತ್ತಿಗೂ ಅಷ್ಟೇ, 17ನೇ ಸುತ್ತಿಗೂ ಅಷ್ಟೇ. ಚಾಪೆ ಲೋಟದಷ್ಟಿರಲಿ, ಕೋಣೆಯಷ್ಟಿರಲಿ, ಆ ಅಳತೆ ಬದಲಾಗುವುದಿಲ್ಲ. ಮೊಟ್ಟೆಯಾಕಾರಕ್ಕೂ ಇದೇ, ಯಾಕೆಂದರೆ ನೇರ ಭಾಗ ಎರಡೂ ಸುತ್ತಿನಲ್ಲಿ ಒಂದೇ ಉದ್ದ. ದೊಡ್ಡದಾದಂತೆ ಆ 15.7 ಸೆಂ.ಮೀ. ಉದ್ದನೆಯ ತಿರುವಿನಲ್ಲಿ ಹರಡಿಕೊಳ್ಳುತ್ತದೆ. ಅದಕ್ಕೇ ಕೈಗೆ ಗೊತ್ತಾಗುವುದಿಲ್ಲ.

ಅವಳ ಜಡೆಯಲ್ಲಿ ಕುಣಿಕೆಯಿಂದ ಕುಣಿಕೆಗೆ 2 ಸೆಂ.ಮೀ. ಇತ್ತು. ಅಂದರೆ ಪ್ರತಿ ಸುತ್ತಿಗೂ ಸುಮಾರು 8 ಬಿಡಬೇಕು, ಒಂದೊಂದು ತುದಿಯ ತಿರುವಿನಲ್ಲಿ 4. ಬಟ್ಟೆ ಸ್ವಲ್ಪ ಎಳೆದುಕೊಳ್ಳುತ್ತದೆ, ಒಂದು ಕಡಿಮೆಯಾದರೂ ನಡೆಯುತ್ತದೆ. ಒಂದೇ ಒಂದು ಬಿಟ್ಟರೆ ನಡೆಯುವುದಿಲ್ಲ.

ಅಕ್ಕ ಒಪ್ಪಲಿಲ್ಲ. ಅವರ ಅನುಮಾನ ಬಟ್ಟೆಯ ಮೇಲೆ. 5ನೇ ಸುತ್ತಿನಿಂದ ಮುಂದೆ ಕೆಲವು ಸುತ್ತಿನಲ್ಲಿ ಒಂದು ಎಳೆ ಟೀ ಶರ್ಟ್ ಬಟ್ಟೆಯದು, ಹಿಗ್ಗುವಂಥದ್ದು. ಹೆಣೆಯುವಾಗ ಎಳೆದು ಹೆಣೆದರೆ ಆಮೇಲೆ ಅದು ಕುಗ್ಗಿ ಇಡೀ ಸುತ್ತನ್ನು ಬಿಗಿಯುತ್ತದೆ. "ಲೆಕ್ಕಗಿಕ್ಕ ಎಲ್ಲ ಬೇಡ, ಅದನ್ನ ಕಿತ್ತು ಬೇರೆ ಹಾಕಿದ್ರೆ ಸರಿಹೋಗುತ್ತೆ" ಅಂದರು. ಅದೂ ತಳ್ಳಿಹಾಕುವ ಮಾತಲ್ಲ. ಆ ಜಡೆ ಒಂದು ಮೀಟರ್ ಬಿಚ್ಚಿ ರಾತ್ರಿಯಿಡೀ ಸುಮ್ಮನೆ ಮೇಜಿನ ಮೇಲೆ ಬಿಟ್ಟೆವು. ಬೆಳಿಗ್ಗೆ 90 ಸೆಂ.ಮೀ.ಗೆ ಬಂದಿತ್ತು. ಓರೆಯಾಗಿ ಕತ್ತರಿಸಿದ ನೂಲಿನ ಪಟ್ಟಿಯೂ ಹೀಗೇ ಹಿಗ್ಗಿ ಕುಗ್ಗುತ್ತದೆ. ಹೊಲಿಗೆಯ ಚೂರಿನಲ್ಲಿ ಓರೆ ತುಂಡುಗಳೇ ಜಾಸ್ತಿ ಇರುತ್ತವೆ.

ಹಾಗಾದರೆ ಯಾವುದು ನಿಜ? ವಾದ ಮಾಡುವ ಬದಲು ಎರಡು ಬಿಲ್ಲೆ ಮಾಡಿಸಿದೆ. ಎರಡೂ ಐದೈದು ಸುತ್ತು, ಎರಡೂ ಮೇಜಿನ ಮೇಲೆ. ಮೊದಲನೆಯದಕ್ಕೆ ಹಿಗ್ಗದ ನೂಲಿನ ಬಟ್ಟೆ ಮಾತ್ರ, ಆದರೆ 2ನೇ ಸುತ್ತಿನ ನಂತರ ಬಿಡುವುದನ್ನು ನಿಲ್ಲಿಸುವುದು. ಎರಡನೆಯದಕ್ಕೆ ಒಂದು ಎಳೆ ಟೀ ಶರ್ಟ್ ಬಟ್ಟೆ, ಆದರೆ ಪ್ರತಿ ಸುತ್ತಿಗೂ ಲೆಕ್ಕದ ಪ್ರಕಾರ 8 ಬಿಡುವುದು. ಮೊದಲನೆಯದು ಸೂಜಿಯಲ್ಲಿರುವಾಗಲೇ ಬಟ್ಟಲಾಯಿತು. ಎರಡನೆಯದು ಮಟ್ಟಸವಾಗಿ ಬಂತು. ಮರುದಿನ ಒಂದು ಬದಿ ಅಕ್ಕಿಕಾಳಿನಷ್ಟು ಎದ್ದಿತ್ತು. ಅಕ್ಕ ಎರಡನ್ನೂ ಪಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ನೋಡಿದರು. "ಎರಡೂ ಇದೆ. ಆದರೆ ಅವಳದ್ದೇ ಜಾಸ್ತಿ" ಅಂದರು. ಅಲ್ಲಿಗೆ ವಾದ ಮುಗಿಯಿತು. ಅರ್ಧ ದಿನದ ಕೆಲಸ. ಟ್ರಂಕ್ ಹೇರುವ ಮೊದಲೇ ಇದನ್ನು ಮಾಡಬಹುದಿತ್ತು.

ಈಗ ಏನು ಮಾಡುವುದು? ಮೂರು ದಾರಿ ಇದ್ದವು. ಹೊರಗಿನ ಅಲೆ ಸುತ್ತುಗಳನ್ನು ಕಿತ್ತು, ಬಟ್ಟಲನ್ನೇ ಇನ್ನಷ್ಟು ಏರಿಸಿ ಬುಟ್ಟಿ ಮಾಡುವುದು. ಇದು ಅಕ್ಕನ ಸಲಹೆ, ನಿಜ ಹೇಳಬೇಕೆಂದರೆ ನನಗೂ ಅದೇ ಹಿಡಿಸಿತ್ತು. ಎರಡನೆಯದು, ಪೂರ್ತಿ ಎಸೆದು ಹೊಸದಾಗಿ ಶುರು ಮಾಡುವುದು. ಮೂರನೆಯದು, 3ನೇ ಸುತ್ತಿನವರೆಗೆ ಬಿಚ್ಚುವುದು. ಬಿಚ್ಚುವುದು ಅಂದ ಕೂಡಲೇ ತಂಗಿಯ ಮುಖ ಬಿದ್ದುಹೋಯಿತು. ಹನ್ನೆರಡು ಸುತ್ತು. ಹತ್ತಿರ ಹತ್ತಿರ ಮೂರು ವಾರದ ಕೆಲಸ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು. "ಬಿಚ್ಚಬೇಕಾದ್ದು ದಾರ ಮಾತ್ರ ಅಲ್ವಾ? ಜಡೆ ಹಾಗೇ ಇರುತ್ತಲ್ಲ?"

ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಮೂರು ವಾರದಲ್ಲಿ ಬಹುಪಾಲು ಹೋದದ್ದು ಪಟ್ಟಿ ಕತ್ತರಿಸಲು, ಜೋಡಿಸಲು, ಹೆಣೆಯಲು. ಸುತ್ತಿ ಹೊಲಿದದ್ದು ಅದರಲ್ಲಿ ಸಣ್ಣ ಭಾಗ. ಜಡೆಗೆ ಏನೂ ಆಗಿರಲಿಲ್ಲ. ನಾವು ಮೂವರೂ ಚಾಪೆಯನ್ನು ಒಂದೇ ಗಂಟಾಗಿ ನೋಡುತ್ತಿದ್ದೆವು. ಕೈಯಲ್ಲಿ ದಪ್ಪ ದಾರದಿಂದ ಹೊಲಿದಿದ್ದರಿಂದ ಬಿಚ್ಚುವುದೂ ಸುಲಭವಾಯಿತು. ಮಿಷನ್ನಿನಲ್ಲಿ ಜಿಗ್‌ಜಾಗ್ ಹೊಲಿಗೆ ಹಾಕಿದ್ದರೆ ಆ ಮಾತೇ ಬೇರೆ. ಎರಡು ಸಂಜೆಯಲ್ಲಿ 3ನೇ ಸುತ್ತಿಗೆ ಬಂದು ನಿಂತಳು.

ಉಳಿದ ಮೂರು ಸುತ್ತೂ ಸೇರಿ ಜಡೆ ಅಳೆದರೆ ಸುಮಾರು 27 ಮೀಟರ್. ಅದರಲ್ಲಿ ಟೀ ಶರ್ಟ್ ಎಳೆಯಿದ್ದ 6 ಮೀಟರ್ ತೆಗೆದಿಟ್ಟೆವು. ಉಳಿದದ್ದು 21. ಬೇಕಾದದ್ದು 36. ಗಡುವಿಗೆ ಹತ್ತು ದಿನ. ಮೂಟೆಯಲ್ಲಿ ಒಳ್ಳೆಯ ನೂಲಿನ ಚೂರು ಅಷ್ಟಿರಲಿಲ್ಲ. ಅಕ್ಕ ಚಾಪೆ ಕೇಳಿದವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದರು. 105 ಸೆಂ.ಮೀ. ಉದ್ದ, 75 ಸೆಂ.ಮೀ. ಅಗಲದ್ದಾದರೆ ದಿನಕ್ಕೆ ಸರಿಯಾಗಿ ಕೊಡುತ್ತೇವೆ, ಮೊದಲಿನ ಅಳತೆಯೇ ಬೇಕಾದರೆ ತಡವಾಗುತ್ತದೆ ಅಂತ. ಅವರು ಚಿಕ್ಕದೇ ಸಾಕು ಅಂದರು. ಆ ಅಳತೆಗೆ 15 ಸುತ್ತು, 27 ಮೀಟರ್. ಹೊಸದಾಗಿ ಹೆಣೆಯಬೇಕಾದದ್ದು 6 ಮೀಟರ್ ಮಾತ್ರ.

ಆ 6 ಮೀಟರಿನಲ್ಲಿ ಅಕ್ಕ ಕೈಹಾಕಿದರು. ತಂಗಿ ಮೊದಲು ಪಟ್ಟಿಗೆ ಪಟ್ಟಿ ಗಂಟು ಹಾಕಿ ಸೇರಿಸುತ್ತಿದ್ದಳು. ಗಂಟು ಕಾಲಿಗೆ ಕಲ್ಲಿನಂತೆ ತಾಗುತ್ತದೆ. ಅಕ್ಕ ಎರಡು ತುದಿಗಳನ್ನು ಅಡ್ಡಡ್ಡ ಇಟ್ಟು ಓರೆಯಾಗಿ ಹೊಲಿದು, ಹೆಚ್ಚಿನದನ್ನು ಕತ್ತರಿಸಿ ತೋರಿಸಿದರು. ದಪ್ಪ ಒಂದೇ ಕಡೆ ಗುಡ್ಡೆಯಾಗದೆ ಹರಡುತ್ತದೆ. ಮೂರೆಳೆಯ ಜೋಡಣೆ ಒಂದೇ ಜಾಗಕ್ಕೆ ಬೀಳದ ಹಾಗೆ ಪಟ್ಟಿಗಳನ್ನು ಬೇರೆ ಬೇರೆ ಉದ್ದ ಇಟ್ಟರು.

ಚೂರು ಆರಿಸುವಾಗ ಹಳೆಯ ಇನ್ನೊಂದು ವಿಷಯ ಹೊರಬಿತ್ತು. ಹಿಂದೆ ಕೊಟ್ಟ ಸಿಂಬಿಯೊಂದು ಬಿಸಿ ಬಾಣಲೆಯ ತಳಕ್ಕೆ ಅಂಟಿಕೊಂಡಿತ್ತಂತೆ. ಅದರಲ್ಲಿ ಪಾಲಿಯೆಸ್ಟರ್ ಎಳೆ ಇತ್ತು. ಪಾಲಿಯೆಸ್ಟರ್ 250-260 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಖಾಲಿ ಬಾಣಲೆ ಒಲೆಯ ಮೇಲೆ ಆ ಬಿಸಿಗೆ ಹೋಗುವುದು ದೊಡ್ಡ ವಿಷಯವಲ್ಲ. ಅಂದಿನಿಂದ ಅನುಮಾನದ ಚೂರಿನಿಂದ ಎರಡೆಳೆ ನೂಲು ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ ನೋಡುತ್ತಾರೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಪಾಲಿಯೆಸ್ಟರ್ ಕುಗ್ಗಿ ಗಟ್ಟಿ ಮಣಿಯಾಗುತ್ತದೆ. ಈಗ ಮನೆಯಲ್ಲಿ ಮೂರು ಮೂಟೆ: ಹತ್ತಿ, ಹಿಗ್ಗುವಂಥದ್ದು, ಕರಗುವಂಥದ್ದು. ಮೊದಲು ಬಣ್ಣದ ಪ್ರಕಾರ ಇಡುತ್ತಿದ್ದರು.

ಇನ್ನು ನನ್ನ ತಪ್ಪು. ಎರಡನೇ ಸಲ ಸುತ್ತುವ ಮೊದಲು ತಂಗಿ ಒದ್ದೆ ಬಿಳಿ ಬಟ್ಟೆಯಿಂದ ಜಡೆಯನ್ನು ಉಜ್ಜಿ ನೋಡುತ್ತಿದ್ದಳು. ಒಂದು ಕಡೆ ಕಡುಗೆಂಪು ಎಳೆ ಬಣ್ಣ ಬಿಟ್ಟಿತು. ನಾಲ್ಕು ಮೀಟರ್ ಜಡೆ ಬಿಚ್ಚಿ ಎಳೆ ಬದಲಿಸಬೇಕಿತ್ತು. ದಿನ ಕಡಿಮೆ ಇತ್ತು. "ಇಷ್ಟು ಸ್ವಲ್ಪ ಬಿಟ್ಟರೆ ಏನೂ ಆಗಲ್ಲ, ಹಾಕು" ಅಂದವಳು ನಾನೇ. ಮೊದಲ ಸಲ ಒಗೆದಾಗ ಪಕ್ಕದ ಹಾಲುಬಣ್ಣದ ಸುತ್ತು ಗುಲಾಬಿಯಾಯಿತು. ಚಾಪೆಯವರು ಏನೂ ಅನ್ನಲಿಲ್ಲ. ನನಗೆ ಮಾತ್ರ ಅಲ್ಲಿಗೆ ಹೋದಾಗಲೆಲ್ಲ ಕಣ್ಣು ಅಲ್ಲಿಗೇ ಹೋಗುತ್ತದೆ.

ಎರಡನೇ ಸಲ ಕೆಲಸವೆಲ್ಲ ಮೇಜಿನ ಮೇಲೆ. ತಿರುವು ಶುರುವಾಗುವ, ಮುಗಿಯುವ ನಾಲ್ಕು ಜಾಗದಲ್ಲಿ ಬೇರೆ ಬಣ್ಣದ ದಾರ ಕಟ್ಟಿಕೊಂಡಳು. ಆ ದಾರಗಳ ನಡುವೆ ಮಾತ್ರ ಬಿಡುವುದು, ಪ್ರತಿ ತುದಿಗೆ ನಾಲ್ಕು. ಬಿಟ್ಟ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಗೀಟು ಹಾಕಿದಳು. ಒಂದು ಎಡವಟ್ಟು ಆಗಲೂ ಆಯಿತು. ಎರಡು ಸುತ್ತು ಒಂದೇ ಜಾಗದಲ್ಲಿ ಬಿಟ್ಟಿದ್ದರಿಂದ ಅಲ್ಲಿ ಮೂಲೆ ಮೂಡತೊಡಗಿತು, ದುಂಡಗಿನ ತುದಿ ಕೋನವಾಗುತ್ತಿತ್ತು. ಹಿಂದಿನ ಸುತ್ತಿನಲ್ಲಿ ಬಿಟ್ಟ ಜಾಗದ ನೇರಕ್ಕೆ ಈ ಸುತ್ತಿನಲ್ಲಿ ಬಿಡಬಾರದು, ಅವುಗಳ ನಡುವೆ ಬಿಡಬೇಕು. ಒಂದು ಸುತ್ತು ಬಿಚ್ಚಿ ಸರಿಮಾಡಿದಳು. ಪ್ರತಿ ಸುತ್ತು ಮುಗಿದ ಮೇಲೆ ನೆಲಕ್ಕೆ ಹಾಕಿ ಅಂಗೈ ಒತ್ತುವುದು ಅಭ್ಯಾಸವಾಯಿತು.

ಕೊನೆಗೆ ಜಡೆಯ ಎಳೆಗಳನ್ನು ಕ್ರಮೇಣ ಸಣ್ಣಗೆ ಕತ್ತರಿಸಿ, ತುದಿ ಇಲಿಬಾಲದಂತೆ ಮಾಡಿ, ಹಿಂದಿನ ಸುತ್ತಿನ ಕುಣಿಕೆಗಳೊಳಗೆ ನುಗ್ಗಿಸಿ ಹೊಲಿದಳು. ಗಡುವಿಗೆ ಒಂದು ದಿನ ಮೊದಲೇ ಚಾಪೆ ಮುಗಿಯಿತು. ಒಂದು ತುದಿಯಲ್ಲಿ ಬೆರಳ ಉಗುರಿನಷ್ಟು ಏರು ಉಳಿಯಿತು, ತಿಂಗಳು ತುಳಿದ ಮೇಲೆ ಅದೂ ಕಾಣಲಿಲ್ಲ. ನುಣುಪು ನೆಲದ ಮೇಲೆ ಜಾರುತ್ತಿತ್ತು. ಇದು ನಮಗೆ ಹೊಳೆದೇ ಇರಲಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರು, ಒಂದು ದಿನ ತಡವರಿಸಿದರಂತೆ. ಕೆಳಗೆ ಜಾರದ ರಬ್ಬರ್ ಜಾಲರಿ ಹಾಕಿಸಿದ ಮೇಲೆ ಸರಿಹೋಯಿತು. ಈಗ ಚಾಪೆ ಕೇಳಿದವರನ್ನು ಅಕ್ಕ ಮೊದಲು ಕೇಳುವುದು ಬಣ್ಣವಲ್ಲ. ನೆಲ ಎಂಥದ್ದು, ಅದರ ಮೇಲೆ ಬಾಗಿಲು ಆಡುತ್ತದಾ, ಅಷ್ಟು.

ತೆಗೆದಿಟ್ಟ 6 ಮೀಟರ್ ಟೀ ಶರ್ಟ್ ಜಡೆ ಬುಟ್ಟಿಯಾಯಿತು. ನಾಲ್ಕು ಸುತ್ತು ಲೆಕ್ಕದಂತೆ ಬಿಟ್ಟು ತಳ ಮಾಡಿದಳು, 5ನೇ ಸುತ್ತಿನಿಂದ ಬಿಡುವುದನ್ನು ಪೂರ್ತಿ ನಿಲ್ಲಿಸಿದಳು. ಗೋಡೆ ತಾನಾಗಿ ಎದ್ದಿತು. ಮೂರು ದಿನ ಯಾವುದನ್ನು ಟ್ರಂಕ್ ಹೇರಿ ಒತ್ತಿದ್ದಳೋ ಅದನ್ನೇ ಈಗ ಬೇಕೆಂದು ಮಾಡಿದಳು. ಅಕ್ಕ ನಕ್ಕರು. "ನಾನು ಅವತ್ತೇ ಹೇಳಿದ್ದೆ, ಬುಟ್ಟಿ ಮಾಡು ಅಂತ."

ಆಮೇಲೆ ಒಂದು ದುಂಡು ಚಾಪೆಗೆ ಕೈಹಾಕಿದಳು. ಈ ಸಲ ಪಟ್ಟಿ ದಪ್ಪ ಬಟ್ಟೆಯದು, ಜಡೆ 3 ಸೆಂ.ಮೀ. ಅಗಲ, ಕುಣಿಕೆಗಳ ನಡುವಿನ ದೂರವೂ ಬೇರೆ. ಹಳೆಯ 8ರ ಲೆಕ್ಕವನ್ನೇ ಹಿಡಿಯದೆ ಮೊದಲು ಅಳೆದಳು. ಸುತ್ತಿಗೆ 19 ಸೆಂ.ಮೀ. ಹತ್ತಿರ ಹೆಚ್ಚು ಬೇಕು, ಕುಣಿಕೆಗೆ ಎರಡೂವರೆ, ಹಾಗಾಗಿ ಏಳೋ ಎಂಟೋ. ಎಂಟು ಹಿಡಿದಳು. 5ನೇ ಸುತ್ತು ಮುಗಿದ ಮೇಲೆ ನೆಲಕ್ಕೆ ಹಾಕಿ ಅಂಗೈ ಒತ್ತಿದರೆ ಅಂಚು ಸಣ್ಣಗೆ ಅಲೆಯಾಡುತ್ತಿತ್ತು. ಆ ಸುತ್ತನ್ನು ಬಿಚ್ಚಿ, ಏಳು ಬಿಟ್ಟು ಮತ್ತೆ ಹೊಲಿದಳು. ಇಪ್ಪತ್ತು ನಿಮಿಷ ಹಿಡಿಯಿತು.